ಮುಚ್ಚಳದ ಒಳಗೆ ಗೀಚಿದ ತಾರೀಖು

(ಮನೆಯ ಹಿರಿಯರ ಬದುಕನ್ನು ಬರೆದಿಡಲು ಹೊರಟ ಪುಣೆಯ ಕನ್ನಡಿಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಿಮ್ಮ ಮನೆಯ ಕಪಾಟಿನಲ್ಲಿ ಹಳೆಯ ಎಚ್‌ಎಂಟಿ ಜನತಾ ಇದ್ದರೆ, ಅಥವಾ ವೆಸ್ಟ್ ಎಂಡ್ ಕಂಪನಿಯ ಸೋವಾರ್ ಪ್ರೈಮಾ ಇದ್ದರೆ, ಬಲ್ಲವರ ಕೈಯಿಂದ ಅದರ ಹಿಂಬದಿಯ ಮುಚ್ಚಳ ತೆಗೆಸಿ ಒಳಮೈಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸೂಜಿಮೊನೆಯಲ್ಲಿ ಗೀಚಿದ ಅಂಕಿಗಳು ಕಾಣುತ್ತವೆ. 7/74 ಎಂದು ಒಂದು ಕಡೆ, ಪಕ್ಕದಲ್ಲೊಂದು ಅಕ್ಷರ. ಅದರ ಕೆಳಗೆ ಬೇರೆ ಕೈಯ 3/79. ಗಡಿಯಾರ ಬಿಚ್ಚಿ ಸರ್ವಿಸ್ ಮಾಡಿದವರು ತಿಂಗಳು, ವರ್ಷ ಮತ್ತು ತಮ್ಮದೊಂದು ಗುರುತನ್ನು ಹೀಗೆ ಒಳಗೆ ಗೀಚಿಡುವುದು ಆ ಕಸುಬಿನ ರೂಢಿ. ಗಿರಾಕಿಗೆ ಅದು ಗೊತ್ತೇ ಇರುವುದಿಲ್ಲ. "ಅಜ್ಜಾರ, ಹ್ವಾದ ತಿಂಗಳ ನೀವ ಮಾಡಿಕೊಟ್ಟೀರಿ, ಮತ್ತ ನಿಂತೈತಿ" ಎಂದು ಯಾರಾದರೂ ಜಗಳಕ್ಕೆ ಬಂದರೆ ಮುಚ್ಚಳ ತೆಗೆದು ತೋರಿಸಲು ಇರುವ ಸಾಕ್ಷಿ ಅದೊಂದೇ.

ದಿನಕ್ಕೆ ಎರಡು ಸರ್ವಿಸ್, ವರ್ಷಕ್ಕೆ ಮುನ್ನೂರು ದಿನ ಅಂಗಡಿ ಎಂದು ಹಿಡಿಯಿರಿ. ವರ್ಷಕ್ಕೆ 600 ಆಯಿತು. ಹದಿನೈದು ವರ್ಷಕ್ಕೆ 9,000. ಅಷ್ಟು ಮುಚ್ಚಳಗಳ ಒಳಗೆ ಒಬ್ಬ ಮನುಷ್ಯನ ಕೈಬರಹ ತಾಲ್ಲೂಕಿನ ತುಂಬ ಹರಡಿಕೊಂಡಿದೆ. ಆದರೆ ಆತ ತೀರಿಕೊಂಡಾಗ ಪತ್ರಿಕೆಯಲ್ಲಿ ಹಾಕಿಸುವ ಶ್ರದ್ಧಾಂಜಲಿಯಲ್ಲಿ ಏನಿರುತ್ತದೆ? ಸರಳ ಜೀವಿ, ಸ್ನೇಹಮಯಿ, ಶಿಸ್ತಿನ ಸಿಪಾಯಿ. ಈ ಮೂರು ಪದಗಳನ್ನು ಕಿತ್ತು ಪಕ್ಕದ ಚೌಕದಲ್ಲಿರುವ ಇನ್ನೊಬ್ಬ ಅಜ್ಜನಿಗೆ ಅಂಟಿಸಿದರೂ ಯಾರಿಗೂ ಗೊತ್ತಾಗದು. ಅಜ್ಜನಿಗೆ ಏನು ಮಾಡಲು ಬರುತ್ತಿತ್ತು, ಅದನ್ನು ಹೇಗೆ ಮಾಡುತ್ತಿದ್ದರು ಎಂಬುದನ್ನು ಮೊದಲು ಬರೆಯಿರಿ, ಗುಣಗಾನ ಆಮೇಲೆ ಇದ್ದೇ ಇದೆ. ಇಷ್ಟು ಹೇಳಲೆಂದೇ ಈ ಹೊತ್ತಿನ ಮಾತು.

ಇಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಕಡೆಯವರು ಹೆಚ್ಚು. ಫೌಜಿಗೆ ಹೋಗಿಬಂದು ಅಂಗಡಿ ಇಟ್ಟ ಅಜ್ಜಂದಿರ ಬದುಕಿನ ಗೆರೆ ಸುಮಾರಾಗಿ ಒಂದೇ ತರಹ. ಹದಿನೆಂಟು ಹತ್ತೊಂಬತ್ತಕ್ಕೆ ಬೆಳಗಾವಿಯಲ್ಲಿ ಭರ್ತಿ. ಸಿಪಾಯಿಯಿಂದ ಹವಾಲ್ದಾರ್‌ವರೆಗಿನವರಿಗೆ ಸೇವಾ ಪಿಂಚಣಿ ಕೂಡಬೇಕಾದರೆ 15 ವರ್ಷ ತುಂಬಬೇಕು. ಅದು ತುಂಬಿದ ಮೇಲೆ, ಮೂವತ್ತೈದರ ಆಚೀಚೆ, ಊರಿಗೆ ವಾಪಸು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಮೇಲೊಂದು ಬಲ್ಬು. ಎಪ್ಪತ್ತೈದರವರೆಗೆ ಅದೇ. ಕಣ್ಣು ಕೈಕೊಟ್ಟ ಮೇಲೆ ಮಗನ ಜೊತೆ ಪಿಂಪ್ರಿಯಲ್ಲೋ ಚಿಂಚವಡದಲ್ಲೋ ಫ್ಲ್ಯಾಟಿನ ಗ್ಯಾಲರಿ. ಸೈನ್ಯ 15 ವರ್ಷ, ಅಂಗಡಿ 40. ಮನೆಯ ಮಾತಿನಲ್ಲಿ ಮಾತ್ರ ಅವರು ಕೊನೆತನಕ "ಮಿಲ್ಟ್ರಿ ಅಜ್ಜ". ಮೆಡಲಿಗೆ ಚೌಕಟ್ಟು ಹಾಕಿಸುತ್ತಾರೆ, ಚಿಮಟವನ್ನು ಗುಜರಿಗೆ ಕೊಡುತ್ತಾರೆ.

ಸೈನ್ಯವನ್ನೂ ಅಂಗಡಿಯನ್ನೂ ಎರಡು ಬೇರೆ ಅಧ್ಯಾಯಗಳೆಂದು ಬರೆದರೆ ಒಂದು ಕೊಂಡಿ ತಪ್ಪಿಹೋಗುತ್ತದೆ. ಸೈನ್ಯವೆಂದರೆ ದೊಡ್ಡದೊಂದು ಕಸುಬಿನ ಶಾಲೆಯೂ ಹೌದು. 1943ರಲ್ಲಿ ಹುಟ್ಟಿದ ಇಎಂಇ (ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್) ದಳದ ಕೆಲಸವೇ ದುರಸ್ತಿ: ಲಾರಿ, ಟ್ಯಾಂಕು, ತೋಪು, ವೈರ್‌ಲೆಸ್ ಸೆಟ್ಟು. ಅದರಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಎಂಬ ಟ್ರೇಡಿನವರು ದುರ್ಬೀನು, ದಿಕ್ಸೂಚಿ, ತೋಪಿನ ಗುರಿ ನೋಡುವ ಸೈಟ್, ಗಡಿಯಾರ ಇವನ್ನು ಬಿಚ್ಚಿ ಜೋಡಿಸುತ್ತಿದ್ದರು. ಸಿಕಂದರಾಬಾದಿನಲ್ಲಿ ತರಬೇತಿ, ಆಮೇಲೆ ಟ್ರೇಡ್ ಟೆಸ್ಟು, ಒಂದೊಂದು ಕ್ಲಾಸ್ ಮೇಲೇರಿದ ಹಾಗೆ ಸಂಬಳದಲ್ಲಿ ನಾಲ್ಕು ಕಾಸು ಹೆಚ್ಚು. ಇಂಥವರು ಊರಿಗೆ ಬಂದು ಗಡಿಯಾರದ ಅಂಗಡಿ ಇಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ. ಹಾಗೆಂದು ಗಡಿಯಾರದ ಅಂಗಡಿಯ ಫೌಜಿಗಳೆಲ್ಲ ಇಎಂಇಯವರೆಂದು ತಿಳಿಯಬೇಡಿ. ಪದಾತಿ ದಳದಿಂದ ಬಂದು ಊರಿನ ಹಳೆಯ ರಿಪೇರಿಯವರ ಪಕ್ಕ ಎರಡು ವರ್ಷ ಕೂತು ಕಲಿತವರೂ ಇದ್ದರು, ನಿವೃತ್ತಿಗೆ ಮುಂಚಿನ ಪುನರ್ವಸತಿ ತರಬೇತಿಯಲ್ಲಿ ಕಲಿತವರೂ ಇದ್ದರು. ನಿಮ್ಮ ಅಜ್ಜ ಯಾವ ದಾರಿಯಿಂದ ಬಂದರು ಎಂಬುದನ್ನು ಊಹಿಸಬೇಡಿ. ಕಾಗದ ಹೇಳುತ್ತದೆ.

ಪುಣೆಯಲ್ಲಿರುವವರಿಗೆ ಇದೆಲ್ಲ ದೂರದ ಮಾತೂ ಅಲ್ಲ. ಖಡಕಿಯಲ್ಲಿ ಬಾಂಬೆ ಎಂಜಿನಿಯರ್ ಗ್ರೂಪ್, 512 ಆರ್ಮಿ ಬೇಸ್ ವರ್ಕ್‌ಶಾಪ್, ದಾಪೋಡಿಯಲ್ಲಿ ಸೈನ್ಯದ ಎಂಜಿನಿಯರಿಂಗ್ ಕಾಲೇಜಾದ ಸಿಎಂಇ, ಆಚೆ ದೇಹೂರೋಡಿನ ಡಿಪೋ. ಅಂಗ ಕಳೆದುಕೊಂಡ ಸೈನಿಕರಿಗೆ ಕಸುಬು ಕಲಿಸಲೆಂದೇ 1917ರಲ್ಲಿ ಶುರುವಾದ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇರುವುದೂ ಖಡಕಿಯಲ್ಲೇ. ಹಳೆಯ ಕಾಗದದಲ್ಲಿ "ಕಿರ್ಕಿ" ಎಂದಿದ್ದರೆ ಅದು ಈ ಖಡಕಿಯೇ. ಅದನ್ನು ಓದಲಾಗದೆ ಎಲ್ಲೋ ಪಂಜಾಬಿನ ಊರಿರಬೇಕು ಎಂದುಕೊಂಡ ಮೊಮ್ಮಕ್ಕಳಿದ್ದಾರೆ.

ಈಗ ಮಾಳದ ಮೇಲಿನ ಕರಿಯ ಟ್ರಂಕಿಗೆ ಬರೋಣ. ಮೊದಲು ತೆರೆಯಬೇಡಿ, ಹೊರಗಿನಿಂದ ಫೋಟೋ ತೆಗೆಯಿರಿ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು, ದಳ ಬರೆದಿರುತ್ತದೆ. ಬಡ್ತಿಯಾದಂತೆ ಹಳೆಯದರ ಮೇಲೆ ಕರಿ ಬಣ್ಣ ಬಳಿದು ಹೊಸದು ಬರೆಸಿದ್ದರೆ ಟಾರ್ಚನ್ನು ಪಕ್ಕದಿಂದ ಬಿಡಿ, ಅಡಿಯ ಅಕ್ಷರಗಳ ಉಬ್ಬು ಕಾಣುತ್ತದೆ. ಮೊದಲ ಪದವೇ ದಳದ ಸುಳಿವು. ಕ್ರಾಫ್ಟ್ಸ್‌ಮನ್ ಎಂದಿದ್ದರೆ ಇಎಂಇ, ಸ್ಯಾಪರ್ ಎಂದರೆ ಎಂಜಿನಿಯರ್, ಗನ್ನರ್ ಎಂದರೆ ತೋಪಖಾನೆ, ಸಿಗ್ನಲ್‌ಮನ್ ಎಂದರೆ ಸಿಗ್ನಲ್ಸ್. ಇವೆಲ್ಲವೂ ಸಿಪಾಯಿ ಎಂಬ ಒಂದೇ ಮೆಟ್ಟಿಲಿನ ಬೇರೆ ಬೇರೆ ಹೆಸರುಗಳು. "ಜಮಾದಾರ್" ಎಂದು ಕಂಡರೆ ಆ ಕಾಗದ 1965ಕ್ಕೆ ಮುಂಚಿನದು. ಆ ವರ್ಷ ಅದೇ ದರ್ಜೆಗೆ ನಾಯಬ್ ಸುಬೇದಾರ್ ಎಂದು ಹೆಸರಿಟ್ಟರು.

ಒಳಗಿರುವ ಕಾಗದಗಳಲ್ಲಿ ಡಿಸ್ಚಾರ್ಜ್ ಬುಕ್ಕು ಮುಖ್ಯ. ಭರ್ತಿಯ ತಾರೀಖು, ಟ್ರೇಡು, ಬಿಡುಗಡೆಯ ತಾರೀಖು, ಕಾರಣ, ನಡತೆಯ ಷರಾ, ಮೆಡಲುಗಳು ಎಲ್ಲ ಅದರಲ್ಲಿವೆ. ಕಾರಣದ ಸಾಲನ್ನು ನಿಧಾನವಾಗಿ ಓದಿ. ಒಪ್ಪಂದದ ಅವಧಿ ಮುಗಿದದ್ದು, ಸ್ವಂತ ಕೋರಿಕೆ, ವೈದ್ಯಕೀಯ ಕಾರಣ, ಇವು ಮೂರೂ ಬೇರೆ ಬೇರೆ. ವೈದ್ಯಕೀಯ ಎಂದಿದ್ದರೆ ಅಜ್ಜಿಯ ಕುಟುಂಬ ಪಿಂಚಣಿಯ ಕಾಗದಗಳನ್ನೂ ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ಹುಟ್ಟಿದ ತಾರೀಖನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಭರ್ತಿಯ ದಿನ ಹುಡುಗನ ಮುಖ ನೋಡಿ ಅಂದಾಜಿನಲ್ಲಿ ಬರೆದದ್ದೋ, ಮಾಸ್ತರು ಶಾಲೆಗೆ ಸೇರಿಸುವಾಗ ಬರೆದ ಜೂನ್ 1 ಎಂಬುದೋ ಇದ್ದೀತು. ಎರಡನ್ನೂ ಬರೆದಿಡಿ: ಕಾಗದದ ತಾರೀಖು ಇದು, ಮನೆಯವರು ಹೇಳುವುದು ಇದು ಎಂದು.

ಪುಸ್ತಕ ಕಳೆದಿದ್ದರೆ ದಾರಿ ಮುಚ್ಚಿತೆಂದಲ್ಲ. ಪ್ರತಿ ದಳಕ್ಕೂ ಒಂದು ರೆಕಾರ್ಡ್ ಆಫೀಸಿದೆ. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಇಎಂಇಗೆ ಸಿಕಂದರಾಬಾದ್, ಬಾಂಬೆ ಎಂಜಿನಿಯರ್ ಗ್ರೂಪಿಗೆ ಇಲ್ಲೇ ಖಡಕಿ, ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಬೆಂಗಳೂರು, ತೋಪಖಾನೆಗೆ ನಾಸಿಕ್ ರೋಡ್, ಸಿಗ್ನಲ್ಸಿಗೆ ಜಬಲ್ಪುರ. ಹತ್ತಿರದ ವಾರಸುದಾರರು ಸಹಿ ಹಾಕಿ, ಸೇವಾ ನಂಬರನ್ನು ಬರೆದು ಕೇಳಬೇಕು. ನಂಬರಿಲ್ಲದೆ ಬರೀ ಹೆಸರು ಬರೆದು ಕಳಿಸಿದರೆ ಉತ್ತರ ಬರುವುದು ಕಷ್ಟ, ಏಕೆಂದರೆ ಒಂದೇ ಹೆಸರಿನವರು ನೂರಾರು. ನಂಬರು ಟ್ರಂಕಿನ ಮೇಲೆ ಸಿಗದಿದ್ದರೆ ಪಿಂಚಣಿ ಕೊಡುವ ಆದೇಶವಾದ ಪಿಪಿಒದಲ್ಲಿ ಸಿಗುತ್ತದೆ, ಅದೂ ಇಲ್ಲದಿದ್ದರೆ ಮೆಡಲಿನ ಅಂಚಿನಲ್ಲಿ. ಬೇಗ ಕೇಳಿ. ಆಫೀಸಿನವರು ಹಳೆಯ ಕಾಗದವನ್ನು ಎಂದೆಂದಿಗೂ ಇಟ್ಟುಕೊಂಡು ಕೂರುವುದಿಲ್ಲ, ಅವಧಿ ಮುಗಿದದ್ದು ನಾಶವಾಗುತ್ತದೆ.

ಮೆಡಲಿನ ಅಂಚು ಎಂದೆ. ನಂಬರು, ರ‍್ಯಾಂಕು, ಹೆಸರು, ದಳ, ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಆ ದಪ್ಪದ ಅಂಚಿನ ಮೇಲೆ ಕೊರೆದಿರುತ್ತಾರೆ. ಬ್ರಾಸೋ ಹಚ್ಚಿ ಫಳಫಳ ಹೊಳೆಯುವಂತೆ ಉಜ್ಜುವುದು ನಮ್ಮ ಜನರ ಪ್ರೀತಿಯ ಲಕ್ಷಣ, ಮೆಡಲಿಗೆ ಮಾತ್ರ ಕೇಡು. ಅಂಚಿನ ಅಕ್ಷರ ಸವೆದುಹೋದರೆ ಅದು ಯಾರ ಮೆಡಲೂ ಆಗಬಹುದು. ಒಣ ಹತ್ತಿಬಟ್ಟೆಯಲ್ಲಿ ಒರೆಸಿ ಬಿಡಿ. ಇನ್ನೊಂದು ಮಾತು, ಕೇಳಲು ಸ್ವಲ್ಪ ಕಹಿ: ಎದೆಯ ಮೇಲೆ ಐದು ಮೆಡಲಿದ್ದ ಮಾತ್ರಕ್ಕೆ ಐದೂ ಶೌರ್ಯ ಪದಕಗಳಲ್ಲ. ರಕ್ಷಾ ಮೆಡಲ್ 1965ರಲ್ಲಿ ಸೇವೆಯಲ್ಲಿದ್ದವರಿಗೆ, ಸಂಗ್ರಾಮ ಮೆಡಲ್ 1971ರಲ್ಲಿ ಸೇವೆಯಲ್ಲಿದ್ದವರಿಗೆ. ರಣರಂಗದ ಪ್ರದೇಶದಲ್ಲಿದ್ದವರಿಗೆ 1965ಕ್ಕೆ ಸಮರ ಸೇವಾ ಸ್ಟಾರ್, 1971ಕ್ಕೆ ಪೂರ್ವ ದಿಕ್ಕಿನದಾದರೆ ಪೂರ್ವಿ ಸ್ಟಾರ್, ಪಶ್ಚಿಮದ್ದಾದರೆ ಪಶ್ಚಿಮಿ ಸ್ಟಾರ್. ಸ್ವಾತಂತ್ರ್ಯದ 25ನೇ ವರ್ಷದ್ದೊಂದು, 9 ವರ್ಷ ಸೇವೆಯದ್ದೊಂದು. ವೀರಚಕ್ರ, ಸೇನಾ ಮೆಡಲ್ ಇವುಗಳ ದಾರಿಯೇ ಬೇರೆ, ಅವು ಗೆಜೆಟ್ಟಿನಲ್ಲಿ ಪ್ರಕಟವಾಗುತ್ತವೆ. ಪೂರ್ವಿ ಸ್ಟಾರ್ ಇದ್ದ ಅಜ್ಜ 1971ರಲ್ಲಿ ಪೂರ್ವದ ಗಡಿಯಲ್ಲಿದ್ದರು ಎಂದು ಬರೆಯುವುದು ಖಚಿತವಾದ ಮಾತು. "ಶೌರ್ಯ ಪದಕ ವಿಜೇತ" ಎಂದು ಬರೆದು, ನಾಳೆ ತಿಳಿದವರೊಬ್ಬರು ಓದಿ ನಕ್ಕರೆ ಅವಮಾನ ಆಗುವುದು ಅಜ್ಜನಿಗೆ. ವರ್ಕ್‌ಶಾಪಿನಲ್ಲಿ ಕೂತು ತೋಪಿನ ಸೈಟಿನೊಳಗಿನ ಬೂಷ್ಟು ಒರೆಸಿದ್ದು ಕಡಿಮೆ ಕೆಲಸವೇ? ಸೈಟು ಮಬ್ಬಾದರೆ ತೋಪು ಕುರುಡು.

ಪತ್ರಗಳಿದ್ದರೆ ಲಕೋಟೆ ಎಸೆಯಬೇಡಿ. ಗಡಿಯಲ್ಲಿರುವವರು ಊರಿನ ಹೆಸರು ಬರೆಯುವ ಹಾಗಿಲ್ಲ, 56 ಎಪಿಒ ಅಥವಾ 99 ಎಪಿಒ ಎಂದಷ್ಟೇ ವಿಳಾಸ. ಎಪಿಒ ಎಂದರೆ ಸೈನ್ಯದ ಅಂಚೆ ಕಚೇರಿ. 56 ಎಂದರೆ ಉತ್ತರ-ಪಶ್ಚಿಮದ ಕಡೆ, ದಿಲ್ಲಿಯ ಮೂಲಕ ಹೋಗುವ ಟಪಾಲು. 99 ಎಂದರೆ ಪೂರ್ವ, ಕೋಲ್ಕತ್ತದ ಮೂಲಕ. ಅಂಚೆ ಮುದ್ರೆಯ ತಾರೀಖು ಸೇರಿಸಿ ನೋಡಿದರೆ ಯಾವ ತಿಂಗಳು ಯಾವ ದಿಕ್ಕಿನಲ್ಲಿದ್ದರು ಎಂದು ಒಂದು ಪಟ್ಟಿಯೇ ಆಗುತ್ತದೆ. ಪತ್ರದ ಒಳಗೆ "ನಾನು ಇಲ್ಲಿ ಕ್ಷೇಮ, ಎಮ್ಮೆ ಈದಿತೇ ತಿಳಿಸುವುದು" ಎಂದಷ್ಟೇ ಇದ್ದರೂ.

ಇನ್ನು ಅಂಗಡಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಯಾರೂ ನಿಲ್ಲದ ಜಾಗ ಇದೇ.

ಅಜ್ಜನ ಸಾಮಾನಿನ ಡಬ್ಬಿ ತೆರೆದರೆ ಸಿಗುವುದು ಇಷ್ಟು: ಕಣ್ಣಿಗೆ ಸಿಕ್ಕಿಸುವ ಐ ಗ್ಲಾಸು, ಮೂರು ನಾಲ್ಕು ಚಿಮಟ, ಸಣ್ಣದರಿಂದ ದೊಡ್ಡದಕ್ಕೆ ಸ್ಕ್ರೂಡ್ರೈವರುಗಳು, ಮಷೀನು ಕೂರಿಸುವ ಹೋಲ್ಡರು, ಗಾಳಿ ಊದುವ ರಬ್ಬರಿನ ಗುಂಡು, ಪೆಟ್ರೋಲಿನ ಗಾಜಿನ ಬಟ್ಟಲು, ಎಣ್ಣೆ ಮುಟ್ಟಿಸುವ ತೆಳುಕಡ್ಡಿ, ಧೂಳು ಬೀಳದಂತೆ ಬಿಡಿಭಾಗಗಳ ಮೇಲೆ ಮುಚ್ಚುವ ಗಾಜಿನ ಗುಮ್ಮಟ. ಚಿಮಟದ ತುದಿ ನೋಡಿ. ಎರಡೂ ಮೊನೆ ಸಮನಾಗಿ ಕೂಡಿ, ಸಾಣೆಕಲ್ಲಿಗೆ ಉಜ್ಜಿದ ಗೆರೆ ಕಂಡರೆ ಅದು ಕೊನೆಯವರೆಗೂ ಕೆಲಸದಲ್ಲಿದ್ದ ಚಿಮಟ. ಮೊನೆ ಸೊಟ್ಟಗಾದದ್ದು ಬ್ಯಾಟರಿ ಎತ್ತಲಿಕ್ಕೆ ಇಳಿದ ಹಳೆಯ ಚಿಮಟ. ಒಂದು ಬೆಂಕಿಪೊಟ್ಟಣದಲ್ಲಿ ಮೊನೆ ಚೂಪು ಮಾಡಿದ ಬಿದಿರುಕಡ್ಡಿಗಳಿದ್ದರೆ ಎಸೆಯಬೇಡಿ. ಗಾಲಿಗಳ ಅಚ್ಚಿನ ತುದಿ ಕೂರುವ ಹರಳಿನ ತೂತು ತೊಳೆಯುವ ಉಪಕರಣ ಅದು.

ಗಡಿಯಾರದ ಸರ್ವಿಸ್ ಎಂದರೆ ಏನು? ಎಚ್‌ಎಂಟಿಯ ಕೈಯಿಂದ ಚಾವಿ ಕೊಡುವ 17 ಹರಳಿನ ಮಷೀನನ್ನೇ ತೆಗೆದುಕೊಳ್ಳೋಣ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಸಣ್ಣ ಊರಿನ ರಿಪೇರಿಯವರ ಅನ್ನ ಬಹುಪಾಲು ಆ ಮಷೀನಿನಿಂದಲೇ ಬಂದದ್ದು. ಅದು ಗಂಟೆಗೆ 18,000 ಬಡಿತದ ಯಂತ್ರ, ಸೆಕೆಂಡಿಗೆ ಐದು, ದಿನಕ್ಕೆ 4,32,000. ಇಷ್ಟು ಬಡಿಯುವ ವಸ್ತುವಿಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ಎಣ್ಣೆ ಬೇಡವೇ?

ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಸ್ಪ್ರಿಂಗಿನ ಬಿಗಿ ಇಳಿಸುವುದು. ಚಾವಿಯನ್ನು ಎರಡು ಬೆರಳಲ್ಲಿ ಹಿಡಿದು, ಕ್ಲಿಕ್ ಎಂಬ ಸಣ್ಣ ತಡೆಯನ್ನು ಸರಿಸಿ, ಚಾವಿಯನ್ನು ಬೆರಳುಗಳ ನಡುವೆ ನಿಧಾನವಾಗಿ ಹಿಂದಕ್ಕೆ ಜಾರಲು ಬಿಡಬೇಕು. ಇದನ್ನು ಮರೆತು, ಗಾಲಿಗಳನ್ನು ಒಂದೊಂದು ಹಲ್ಲಿಗೆ ತಡೆದು ಬಿಡುವ ಪ್ಯಾಲೆಟ್ ಫೋರ್ಕ್ ಎತ್ತಿದರೆ ಗಾಲಿಗಳೆಲ್ಲ ಒಮ್ಮೆಲೇ ಗಿರ್ರೆಂದು ತಿರುಗಿ, ಹಲ್ಲೋ ಗಾಲಿಯ ಅಚ್ಚಿನ ತುದಿಯೋ ಮುರಿಯುತ್ತದೆ. ಕಲಿಯುವ ಹುಡುಗ ಮಾಡುವ ಮೊದಲ ತಪ್ಪು ಇದು. ಬಿಗಿ ಇಳಿದ ಮೇಲೆ ಹಿಂದೆ ಮುಂದೆ ತೂಗಾಡುವ ಬ್ಯಾಲೆನ್ಸ್ ಚಕ್ರ, ಆಮೇಲೆ ಪ್ಯಾಲೆಟ್, ಆಮೇಲೆ ಗಾಲಿಗಳ ಮೇಲಿನ ಸೇತುವೆ, ಗಾಲಿಗಳು, ಕೊನೆಗೆ ಸ್ಪ್ರಿಂಗಿನ ಡಬ್ಬಿ. ಬಿಚ್ಚಿದ ಸರದಿಯಲ್ಲೇ ಸಾಲಾಗಿ ಜೋಡಿಸಿಟ್ಟರೆ ಕೂಡಿಸುವಾಗ ಹಿಂದಿನಿಂದ ಬಂದರಾಯಿತು. ಸೈನ್ಯದಲ್ಲಿ ಬಂದೂಕು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಲು ಕಲಿಸುತ್ತಾರಲ್ಲ, ಕೈಗೆ ಅದೇ ಅಭ್ಯಾಸ.

ತೊಳೆಯುವುದು ಪೆಟ್ರೋಲಿನಲ್ಲಿ. ಆದರೆ ಪ್ಯಾಲೆಟ್ಟಿನ ಎರಡು ಕೆಂಪು ಹರಳುಗಳನ್ನು ಅರಗಿನಿಂದ ಅಂಟಿಸಿರುತ್ತಾರೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಚೆನ್ನಾಗಿ ಶುದ್ಧವಾಗಲಿ ಎಂದು ಸ್ಪಿರಿಟ್ಟಿನಲ್ಲಿ ನೆನೆಹಾಕಿದರೆ ಹರಳು ಸಡಿಲವಾಗಿ, ಕೂಡಿಸಿದ ಗಡಿಯಾರ ಮನಸ್ಸು ಬಂದಾಗ ಓಡಿ ಬೇಡವಾದಾಗ ನಿಲ್ಲುತ್ತದೆ. ತೊಳೆದ ಮೇಲೆ ಬಿದಿರುಕಡ್ಡಿಯ ಮೊನೆಯನ್ನು ಪ್ರತಿ ಹರಳಿನ ತೂತಿನಲ್ಲಿ ತಿರುಗಿಸಿ ತೆಗೆದು ನೋಡಬೇಕು. ಮೊನೆ ಕಪ್ಪಗೆ ಬಂದರೆ ಇನ್ನೂ ಕೊಳೆ ಇದೆ. ಬಿಳಿ ಬರುವ ತನಕ ಮೊನೆ ಹೆರೆದು ಹೆರೆದು ಮತ್ತೆ ತಿರುಗಿಸುವುದು. ಬೇಸರದ ಕೆಲಸ. ಬರೀ ಪೆಟ್ರೋಲಿನಲ್ಲಿ ಅದ್ದಿ ಊದಿ ಕೊಟ್ಟರೂ ಗಡಿಯಾರ ಅವತ್ತು ಓಡುತ್ತದೆ, ಮೂರು ತಿಂಗಳಿಗೆ ನಿಲ್ಲುತ್ತದೆ. ಒಳ್ಳೆಯ ರಿಪೇರಿಯವರಿಗೂ ಸಾಧಾರಣದವರಿಗೂ ಫರಕು ಈ ಕಡ್ಡಿಯಲ್ಲೇ.

ಎಣ್ಣೆಯ ವಿಷಯದಲ್ಲಿ ಜಿಪುಣತನವೇ ಜಾಣತನ. ಹರಳಿನ ಬಟ್ಟಲು ಅರ್ಧ ತುಂಬುವಷ್ಟು ಸಾಕು. ಹೆಚ್ಚು ಹಾಕಿದರೆ ಎಣ್ಣೆ ಹರಡಿ ಲೋಹದ ಮೈಗೆ ಹೋಗಿ, ಬೇಕಾದ ತುದಿಯೇ ಒಣಗುತ್ತದೆ. ಪ್ಯಾಲೆಟ್ಟಿನ ಅಚ್ಚಿಗೆ ಎಣ್ಣೆಯೇ ಇಲ್ಲ. ಬ್ಯಾಲೆನ್ಸನ್ನು ತೂಗಾಡಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗಂತೂ ಸೋಕಲೂಬಾರದು. ಸೋಕಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗು ಗಿಡ್ಡವಾದಂತಾಗಿ, ಗಡಿಯಾರ ಮುಂದೆ ಓಡುತ್ತದೆ. ಮನೆಯಲ್ಲೇ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಬಂದ ಗಿರಾಕಿಗಳ ಕಥೆ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಪುಣೆಯ ಡಿಸೆಂಬರಿನಲ್ಲಿ ಆ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ, ಗಡಿಯಾರದೊಳಗೆ ಇನ್ನೇನು ಮಾಡೀತು?

ಕಾಂತದ ಹತ್ತಿರ ಇಟ್ಟರೂ ಅದೇ ರೋಗ, ಸುತ್ತುಗಳು ಒಂದನ್ನೊಂದು ಹಿಡಿದುಕೊಂಡು ದಿನಕ್ಕೆ ಹಲವು ನಿಮಿಷ ಮುಂದೆ. ಆದ್ದರಿಂದ ಗಡಿಯಾರ ಮುಂದೆ ಓಡುತ್ತಿದೆ ಎಂದರೆ ಬಿಚ್ಚುವ ಮೊದಲು ಒಂದು ಸಣ್ಣ ದಿಕ್ಸೂಚಿಯ ಪಕ್ಕ ಹಿಡಿಯುವುದು ಪದ್ಧತಿ. ಮುಳ್ಳು ಅಲುಗಾಡಿದರೆ ಕಾಂತ. ಅಜ್ಜನ ಡಬ್ಬಿಯಲ್ಲಿ ದಿಕ್ಸೂಚಿ ಸಿಕ್ಕಿತು, ಮಿಲಿಟರಿಯ ನೆನಪಿಗೆ ಇಟ್ಟುಕೊಂಡಿದ್ದರು ಎಂದು ಬರೆಯುವ ಮೊದಲು ಇದು ನೆನಪಿರಲಿ. ಹಿಂದೆ ಬೀಳುವುದಕ್ಕೆ ಬೇರೆ ಕಾರಣಗಳು: ಒಣಗಿದ ಎಣ್ಣೆ, ದಣಿದ ಸ್ಪ್ರಿಂಗು, ಕೊಳೆ. ಕೆಳಗೆ ಬಿದ್ದು ನಿಂತದ್ದಾದರೆ ಬ್ಯಾಲೆನ್ಸ್ ಸ್ಟಾಫ್, ಅಂದರೆ ಬ್ಯಾಲೆನ್ಸಿನ ಅಚ್ಚು, ಮುರಿದಿದೆ ಎಂದು ಮುಟ್ಟದೆಯೇ ಹೇಳಬಹುದು. ಅದರ ತುದಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ತಲೆಗೂದಲಿನ ದಪ್ಪ. ಡಯಲ್ ಮೇಲೆ ಪ್ಯಾರಾಶಾಕ್ ಎಂದು ಬರೆದಿರುವುದು ಆ ತುದಿಯನ್ನು ಪೆಟ್ಟಿನಿಂದ ಕಾಪಾಡುವ ಏರ್ಪಾಟಿಗೆ. ಮಳೆಗಾಲ ಮುಗಿದ ಮೇಲೆ ಬರುವ ಗಡಿಯಾರಗಳಲ್ಲಿ ಚಾವಿಯ ಕಡ್ಡಿಗೆ ತುಕ್ಕು. ನೀರು ಒಳಗೆ ಹೋಗುವ ಬಾಗಿಲು ಅದು.

ಕೂಡಿಸಿದ ಮೇಲೆ ಪರೀಕ್ಷೆ ಕಿವಿಯಿಂದ. ಟಿಕ್ಕಿಗೂ ಟಾಕಿಗೂ ನಡುವಿನ ಬಿಡುವು ಸಮ ಇರಬೇಕು. ಕುಂಟುವ ಕುದುರೆಯ ಹಾಗೆ ಕೇಳಿಸಿದರೆ ಮತ್ತೆ ಬಿಚ್ಚು. ಆಮೇಲೆ ಡಯಲ್ ಮೇಲೆ ಮಾಡಿ ಒಂದು ದಿನ, ಕೆಳಗೆ ಮಾಡಿ ಒಂದು ದಿನ, ಚಾವಿ ಕೆಳಗಾಗಿ ತೂಗುಹಾಕಿ ಒಂದು ದಿನ. ಸಮಯ ಹೋಲಿಸಲು ರೇಡಿಯೋ, ಆಕಾಶವಾಣಿಯಲ್ಲಿ ವಾರ್ತೆಗೆ ಮುಂಚೆ ಬರುವ ಪೀಪ್ ಪೀಪ್. ಅಜ್ಜ ವಾರ್ತೆಯ ಹೊತ್ತಿಗೆ ಮನೆಯಲ್ಲಿ ಎಲ್ಲರನ್ನೂ ಗದರಿಸಿ ಸುಮ್ಮನಿರಿಸುತ್ತಿದ್ದರು ಎಂಬ ನೆನಪು ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಅವರು ಕಾಯುತ್ತಿದ್ದುದು ಸುದ್ದಿಗಾಗಿ ಅಲ್ಲದಿರಬಹುದು.

ಅಂಗಡಿಯ ವಹಿ ಸಿಕ್ಕಿದರೆ ಅದೇ ಆತ್ಮಕಥೆ. ನಂಬರು, ಹೆಸರು, ಕಂಪನಿ, ರೋಗ, ದುಡ್ಡು, ಕೊಡುವ ವಾರ. ಪುಟ ತಿರುವುತ್ತ ಹೋಗಿ ರೋಗದ ಕಾಲಮ್ಮನ್ನಷ್ಟೇ ಓದಿ. ಎಂಬತ್ತರ ದಶಕದ ನಡುವಿನವರೆಗೆ ಸರ್ವಿಸ್, ಸ್ಟಾಫ್, ಸ್ಪ್ರಿಂಗ್, ಗ್ಲಾಸ್. 1987ರಲ್ಲಿ ಟೈಟನ್ ಕ್ವಾರ್ಟ್ಜ್ ಗಡಿಯಾರಗಳು ಮಾರುಕಟ್ಟೆಗೆ ಬಂದವು. ಅಲ್ಲಿಂದ ಮುಂದೆ "ಸೆಲ್" ಎಂಬ ಒಂದೇ ಪದ ಹೆಚ್ಚುತ್ತಾ ಹೋಗುತ್ತದೆ. 626 ನಂಬರಿನ ಗುಂಡಿ ಸೆಲ್, ಒಂದೂವರೆ ವೋಲ್ಟಿನದು, ಎರಡು ನಿಮಿಷದ ಕೆಲಸ. ಆಮೇಲೆ "ಬೆಲ್ಟ್". 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸುವ ಹೊತ್ತಿಗೆ ಎಷ್ಟೋ ಅಂಗಡಿಗಳಲ್ಲಿ ವಹಿ ಬರೆಯುವುದೇ ನಿಂತಿತ್ತು. ಎರಡು ಗಂಟೆಯ ಕೆಲಸ ಬಲ್ಲ ಕೈಗೆ ದಿನವಿಡೀ ಎರಡು ನಿಮಿಷದ ಕೆಲಸ ಮಾತ್ರ ಉಳಿದದ್ದನ್ನು ಆ ಕಾಲಮ್ಮು ಯಾವ ವಿಶೇಷಣವೂ ಇಲ್ಲದೆ ಹೇಳುತ್ತದೆ. ವಹಿಯನ್ನು ಪುಟಪುಟವೂ ಫೋಟೋ ತೆಗೆಯಿರಿ. ಗಿರಾಕಿಗಳು ಬಿಟ್ಟುಹೋದ ಗಡಿಯಾರಗಳ ಪೊಟ್ಟಣವೂ ಇರುತ್ತದೆ, ಬೆಲ್ಟಿಗೆ ಕಟ್ಟಿದ ಚೀಟಿಯ ನಂಬರನ್ನು ವಹಿಯ ನಂಬರಿಗೆ ಹೊಂದಿಸಿದರೆ ಕೆಲವಕ್ಕಾದರೂ ಯಜಮಾನರು ಸಿಕ್ಕಾರು.

ಅಜ್ಜ ಇನ್ನೂ ಇದ್ದಾರೆ ಎನ್ನುವವರು ಪುಣ್ಯವಂತರು, ನಾಳೆಯೇ ಕೂತುಕೊಳ್ಳಿ. ಫ್ಯಾನ್ ಆರಿಸಿ, ಫೋನನ್ನು ಅವರ ಎದೆಯ ಮಟ್ಟದಲ್ಲಿಟ್ಟು ರೆಕಾರ್ಡ್ ಹಾಕಿ, ಅರ್ಧ ಗಂಟೆ ಸಾಕು. "ಯುದ್ಧದಲ್ಲಿ ನಿಮಗೆ ಹೇಗನಿಸಿತು ಅಜ್ಜಾ" ಎಂದು ಕೇಳಿದರೆ "ಏನೈತಿ, ಎಲ್ಲಾ ಚಲೋ ಇತ್ತು" ಎಂದು ಮುಗಿಸುತ್ತಾರೆ. ಅವರ ಕೈಗೆ ಚಿಮಟ ಕೊಟ್ಟು "ಇದನ್ನ ಹ್ಯಾಂಗ ಹಿಡೀಬೇಕ್ರಿ ಅಜ್ಜಾ" ಎಂದು ಕೇಳಿ. ಮಾತು ತಾನಾಗಿ ಬರುತ್ತದೆ, ಚಿಮಟದಿಂದ ವರ್ಕ್‌ಶಾಪಿಗೆ, ವರ್ಕ್‌ಶಾಪಿನಿಂದ ಉಸ್ತಾದರಿಗೆ, ಉಸ್ತಾದರಿಂದ ಆ ವರ್ಷದ ಚಳಿಗೆ. ಅಜ್ಜಿಯನ್ನು ಬೇರೆಯಾಗಿ ಕೇಳಿ. ಅಂಗಡಿಯ ಬಾಡಿಗೆ ಎಷ್ಟಿತ್ತು, ಯಾವ ತಿಂಗಳು ಕೈ ಖಾಲಿ ಎಂಬುದು ಅವರಿಗೇ ಗೊತ್ತು.

ಇಸವಿ ಕೇಳಬೇಡಿ, ಹಿರಿಯರ ನೆನಪಿನಲ್ಲಿ ಇಸವಿಗಳಿರುವುದಿಲ್ಲ. ಗೂಟಗಳಿರುತ್ತವೆ. ಕೊಯ್ನಾ ಭೂಕಂಪಕ್ಕೆ ಮುಂಚೆಯೋ ಆಮೇಲೋ? ಅದು 1967ರ ಡಿಸೆಂಬರ್ 11. ಪಾನ್ಶೆತ್ ಅಣೆಕಟ್ಟು ಒಡೆದು ಪುಣೆಗೆ ನೀರು ನುಗ್ಗಿದ್ದು 1961ರ ಜುಲೈ 12, ಗೋವಾ ಬಿಡುಗಡೆ ಅದೇ ವರ್ಷದ ಡಿಸೆಂಬರ್. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1. ಎಪ್ಪತ್ತೆರಡರ ಬರ ಎಲ್ಲರಿಗೂ ನೆನಪು. ಸಂವತ್ಸರದ ಹೆಸರು ಹೇಳಿದರೆ ಇನ್ನೂ ಒಳ್ಳೆಯದು. ವಿರೋಧಿಕೃತ್ ಎಂದರೆ 1971ರ ಯುಗಾದಿಯಿಂದ 1972ರ ಯುಗಾದಿಯವರೆಗೆ. ಆದ್ದರಿಂದ "ವಿರೋಧಿಕೃತ್ ಸಂಕ್ರಾಂತಿಗೆ ಹುಟ್ಟಿದ ಮಗಳು" ಎಂದರೆ 1972ರ ಜನವರಿ, 1971 ಅಲ್ಲ. ಲೆಕ್ಕ ತಪ್ಪುವುದು ಇಲ್ಲೇ.

ಕಾಪಾಡುವ ಬಗ್ಗೆ ಎರಡು ಮಾತು. ಫೋಟೋದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಮುಂಬದಿಗೆ ಉಬ್ಬು ಬೀಳುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಅಂಟಿರುವ ಪುಟಗಳ ಆಲ್ಬಮ್ಮಿನಿಂದ ಫೋಟೋಗಳನ್ನು ಎಳೆದು ಕೀಳಬೇಡಿ, ಪುಟದ ಸಮೇತ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಇನ್ನೊಂದು ಅಪಾಯದ ವಿಷಯ. ಎಪ್ಪತ್ತರ ದಶಕಕ್ಕೆ ಮುಂಚಿನ, ಕತ್ತಲಲ್ಲಿ ಹೊಳೆಯುವ ಮುಳ್ಳಿನ ಗಡಿಯಾರಗಳಲ್ಲಿ, ಅದರಲ್ಲೂ ಸೈನ್ಯದವುಗಳಲ್ಲಿ, ರೇಡಿಯಂ ಬಣ್ಣ ಇರಬಹುದು. ಈಗ ಅದು ಹೊಳೆಯದಿರಬಹುದು, ಸತ್ತಿರುವುದು ಹೊಳೆಯುವ ಪುಡಿ ಮಾತ್ರ. ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಕೆರೆಯಬೇಡಿ, ಊದಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಗಾಜು ಮುಚ್ಚಿದ್ದಂತೆಯೇ ಒಂದು ಡಬ್ಬಿಯಲ್ಲಿಟ್ಟು ಮೇಲೆ ಬರೆದಿಡಿ.

ಸಾಮಾನಿನ ಡಬ್ಬಿಯನ್ನು ಇಟ್ಟುಕೊಳ್ಳಲು ಜಾಗವಿಲ್ಲ ಎನ್ನುವವರಿದ್ದೀರಿ, ಪುಣೆಯ ಫ್ಲ್ಯಾಟುಗಳ ಅಳತೆ ಎಲ್ಲರಿಗೂ ಗೊತ್ತು. ಬುಧವಾರ, ಭಾನುವಾರ ಹಳೆ ಸಾಮಾನಿನ ಜುನಾ ಬಜಾರಿಗೆ ಹೋದರೆ ಇಂಥ ಡಬ್ಬಿಗಳು ನೆಲದ ಮೇಲೆ ಸುರಿದು ಬಿದ್ದಿರುತ್ತವೆ, ತೂಕಕ್ಕೆ. ಹಾಗೆ ಕೊಡುವುದಕ್ಕಿಂತ ಇನ್ನೂ ಬೆಂಚಿನ ಮೇಲೆ ಕೂತು ಕೆಲಸ ಮಾಡುವ ಒಬ್ಬರನ್ನು ಹುಡುಕಿ ಅವರಿಗೆ ಕೊಡಿ. ಚಿಮಟಕ್ಕೆ ಕೆಲಸ ಸಿಗುತ್ತದೆ. ಕೊಡುವ ಮೊದಲು ಪ್ರತಿಯೊಂದನ್ನೂ ಬಿಳಿ ಹಾಳೆಯ ಮೇಲೆ ಅಳತೆಪಟ್ಟಿಯ ಪಕ್ಕ ಇಟ್ಟು ಫೋಟೋ ತೆಗೆದು, ಯಾವುದು ಏನೆಂದು ಅವರನ್ನೇ ಕೇಳಿ ಬರೆದುಕೊಳ್ಳಿ.

ಹಾಗೆ ಹೋದಾಗ ಅಜ್ಜ ಸ್ವತಃ ಕಟ್ಟುತ್ತಿದ್ದ ಗಡಿಯಾರವನ್ನೂ ಒಯ್ಯಿರಿ. ಮುಚ್ಚಳವನ್ನು ಅಡುಗೆಮನೆಯ ಚಾಕುವಿನಿಂದ ನೀವೇ ಎಬ್ಬಿಸಲು ಹೋಗಬೇಡಿ, ಚಾಕು ಜಾರಿದರೆ ನೇರ ಹೇರ್‌ಸ್ಪ್ರಿಂಗಿಗೆ. ತೆಗೆದ ಮೇಲೆ ಒಳಮೈಯ ಗೀಚುಗಳನ್ನೆಲ್ಲ ಓರೆ ಬೆಳಕಿನಲ್ಲಿ ಫೋಟೋ ಹಿಡಿದು, ಯಾವ ಗುರುತು ಅಜ್ಜನದೆಂದು ವಹಿಯ ಕೈಬರಹದ ಜೊತೆ ಹೋಲಿಸಿ. ಗುರುತು ಸಿಕ್ಕಿತೆಂದರೆ ಊರಿನ ನೆಂಟರಿಗೆಲ್ಲ ಆ ಫೋಟೋ ಕಳಿಸಿ, ಅವರವರ ಹಳೆಯ ಗಡಿಯಾರಗಳ ಮುಚ್ಚಳ ತೆಗೆಸಿ ನೋಡಲು ಹೇಳಿ. ಒಳಗೆ ಪಾಲಿಶ್ ಹೊಡೆಯಬೇಡಿ ಎಂದು ರಿಪೇರಿಯವರಿಗೆ ಮೊದಲೇ ತಿಳಿಸಿರಿ. ಈ ಸಲ ಸರ್ವಿಸ್ ಮಾಡಿದವರೂ ತಮ್ಮ ತಿಂಗಳು, ವರ್ಷ ಗೀಚಲಿ, ಹಳೆಯದರ ಮೇಲಲ್ಲ, ಪಕ್ಕದಲ್ಲಿ. ಮುಚ್ಚುವ ಮೊದಲು ರಬ್ಬರ್ ರಿಂಗು ಬದಲಿಸಲು ಹೇಳಿ, ಜೂನ್ ಹತ್ತಿರ ಬಂತು.